ಬಿಟ್ಟಲ್ಲಿ ನಿಲ್ಲುವ ತೋಳು

ಕೆಲಸ ಬಿಟ್ಟ ಮೇಲೆ ಅಕ್ಕ ಮನೆಯಲ್ಲಿ ಅದರ ಮಾತೇ ಎತ್ತಲಿಲ್ಲ. ನಾನು ಅದೇ ಕಂಪನಿಗೆ ಸೇರುತ್ತೇನೆ ಎಂದಾಗಲೂ, ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನೋಡದೆ, "ಆ ಬಟ್ಟೆ ಕೊಡೋ," ಎಂದಳು, ಅಷ್ಟೇ.

ನಾವು ರೋಬೋಟ್ ತೋಳು ಮಾರುವವರು. ಕೊಂಡವರು ಅದನ್ನು ತಮಗೆ ಬೇಕಾದಂತೆ ಆಡಿಸಲೆಂದು ಜೊತೆಗೊಂದು ಸಾಫ್ಟ್‌ವೇರ್ ಕಿಟ್ ಕೊಡುತ್ತೇವೆ. ಅದನ್ನು ಪೂರ್ತಿ ಬರೆದವಳು ಅಕ್ಕ. ಮೊದಲ ಪುಟದಲ್ಲಿರುವುದು ಮೇಲಧಿಕಾರಿಯ ಹೆಸರು. ಅಕ್ಕ ಕೇಳಿದ್ದಕ್ಕೆ, "ಬರೆಯೋದು ಯಾರು ಬೇಕಾದ್ರೂ ಬರೀತಾರಮ್ಮ," ಎಂದನಂತೆ; ಆಫೀಸಿನವರು ಹೇಳಿದ್ದು. ಎಲ್ಲದಕ್ಕೂ "ನಾನೇ ಮಾಡಿದ್ದು" ಎನ್ನುವ ಅವನಿಗೆ ಬೆನ್ನ ಹಿಂದೆ ನಾವಿಟ್ಟ ಹೆಸರು 'ನಾನೇ ಸಾರ್'. ನಾನು ಅವಳ ತಮ್ಮನೆಂದು ಅವನಿಗೆ ಗೊತ್ತಿರಲಿಲ್ಲ. ಯಾರ ಮನೆಯ ವಿಚಾರವನ್ನೂ ಕೇಳಿದವನಲ್ಲ.

ನನಗೆ ಬೇಕಾಗಿದ್ದುದು ಒಂದೇ: ಅವನ ಬಾಯಿಂದಲೇ, ನಾಲ್ಕು ಜನರೆದುರು, ಅಕ್ಕನ ಹೆಸರು. ಹೊಗಳಿಕೆ ಬಂದಾಗ ಅವನಿಗೆ ಬೇರೆಯವರು ನೆನಪಾಗುವುದಿಲ್ಲ. ಬೈಗುಳ ಬಂದಾಗ ಮರೆತದ್ದೇ ಇಲ್ಲ. ಕಾದೆ.

ದೊಡ್ಡ ಗಿರಾಕಿಗಳು ಬರುವ ದಿನ ಬೆಳಿಗ್ಗೆ, ಅವನು ತೋಳಿನ ತುದಿಯಲ್ಲಿ ವಸ್ತು ಹಿಡಿಯುವ ಭಾರವಾದ ಹಳೆ ಹಿಡಿಕೆಯನ್ನು ಬಿಚ್ಚಿ, ಥಳಥಳ ಹೊಳೆಯುವ ಹಗುರವಾದ ಹೊಸದನ್ನು ತಾನೇ ಹಾಕಿದ. ಹಿಡಿಕೆ ಬದಲಾದರೆ ಅದರ ತೂಕವನ್ನು ಕಿಟ್‌ಗೆ ತಿಳಿಸಬೇಕು. ಆ ತೂಕವನ್ನು ನಂಬಿಯೇ ತೋಳು ತನ್ನನ್ನು ತಾನು ಎತ್ತಿ ಹಿಡಿದುಕೊಳ್ಳುವುದು.

"ಸಾರ್, ಅದರ ತೂಕ..."

"ಲೋ, ಇವತ್ತು ನೀನು ಬಾಯಿ ತೆಗೀಬೇಡ. ನಾನೇ ಎಲ್ಲಾ ನೋಡ್ಕೋತೀನಿ."

ಅಷ್ಟು ಸಂತೋಷದಿಂದ ನಾನು ಯಾರ ಮಾತನ್ನೂ ಪಾಲಿಸಿದ್ದಿಲ್ಲ.

ಗಿರಾಕಿಗಳಲ್ಲಿ ಹಿರಿಯಾಕೆ ಕನ್ನಡಕವನ್ನು ಹಣೆಗೇರಿಸಿಕೊಂಡು ಮುಂದೆ ನಿಂತರು.

"ಹೀಗೆ ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದ್ರೂ ಒಯ್ಯಿರಿ ಮೇಡಂ, ಬಿಟ್ಟಲ್ಲೇ ನಿಲ್ಲುತ್ತೆ. ಕಿಟ್ ನಾನೇ ಬರೆದಿದ್ದು."

ಬಿಟ್ಟ. ತೋಳು ಮೆಲ್ಲಗೆ ಮೇಲೆದ್ದಿತು, ಭಾಷಣ ಬೇಸರವಾಗಿ ಎದ್ದುಹೋಗುವವರ ಹಾಗೆ. ಎಳೆದು ಇಳಿಸಿದ. ಮತ್ತೆ ಎದ್ದಿತು. ಯಾರೋ ಕಿಸಕ್ಕೆಂದರು.

"ನೀವೇ ಬರೆದಿದ್ದು, ನಿಮ್ಮ ಮಾತೇ ಕೇಳಲ್ವಲ್ರೀ!" ಎಂದರು ಹಿರಿಯಾಕೆ.

ಅವನ ಕಿವಿಗಳು ಕೆಂಪಾದವು. ನನ್ನತ್ತ ನೋಡಿದ. ನಾನು ನೆಲ ನೋಡಿದೆ.

"ಅಂದ್ರೆ... ಬರೆದೋಳು ಬೇರೆ ಒಬ್ಳು ಮೇಡಂ." ಅಕ್ಕನ ಹೆಸರನ್ನು ಇನಿಷಿಯಲ್ ಸಮೇತ ಹೇಳಿದ. "ಒಂದು ಸಾಲೂ ಬಿಡದೆ ಎಲ್ಲಾ ಅವಳದೇ. ಅದಕ್ಕೇ ಹೀಗಾಗಿರೋದು."

ಹೆಸರು ಬಂತು. ಆದರೆ ಆ 'ಅದಕ್ಕೇ' ಎದೆಗೆ ನಾಟಿತು. ಮಸಿ ಅವಳ ಹೆಸರಿಗೆ ಅಂಟಿಕೊಳ್ಳುವ ಮೊದಲೇ ಕಂಪ್ಯೂಟರಿಗೆ ಕೈಹಾಕಿ ಹೊಸ ಹಿಡಿಕೆಯ ತೂಕ ಹಾಕಿದೆ.

"ಈಗ ನೀವು ಹಿಡೀರಿ ಮೇಡಂ."

ಅವರು ತೋಳನ್ನು ಓರೆಯಾಗಿ ಎಳೆದೊಯ್ದು, ಕೈಬಿಟ್ಟರು. ನಿಂತಿತು. ಅಲುಗಲಿಲ್ಲ.

"ಕಿಟ್ ಸರಿಯಾಗೇ ಇತ್ತು," ಎಂದೆ. "ಹಿಡಿಕೆ ಬದಲಾಯಿಸಿದೋರು ತೂಕ ಹೇಳಿರಲಿಲ್ಲ. ತೋಳು ಇನ್ನೂ ಹಳೇ ಭಾರಾನೇ ಎತ್ತುತ್ತಿತ್ತು."

"ಯಾರು ಬದಲಾಯಿಸಿದ್ದು?"

ಎಲ್ಲರೂ ಅವನನ್ನೇ ನೋಡಿದರು. ದಿನವಿಡೀ ಆಡುವ ಆ ಒಂದು ಮಾತು ಆಗ ಮಾತ್ರ ಅವನ ಬಾಯಿಂದ ಹೊರಡಲಿಲ್ಲ.

"ಬರೆದಾಕೆ ಈಗ ಎಲ್ಲಿದ್ದಾರೆ?" ಹಿರಿಯಾಕೆ ನನ್ನನ್ನೇ ಕೇಳಿದರು.

"ನಮ್ಮನೇಲೇ ಮೇಡಂ. ನನ್ನ ಅಕ್ಕ."

'ನಾನೇ ಸಾರ್' ಆ ದಿನ ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದ. ಮೂಗು ಅಕ್ಕನದೇ ಎಂದು ಎಲ್ಲರೂ ಹೇಳುತ್ತಾರೆ. ನೋಡಲಿ ಎಂದು ತಲೆಯೆತ್ತಿಯೇ ನಿಂತೆ.