ಮಂಜು ಕವಿದ ಗಾಜಿನ ಹಿಂದೆ ಒಂದು ಪುಟ್ಟ ಭೂಕಂಪ

ಕಲ್ಲಿಗೆ ಕೋಪ ಬರಿಸುವುದೇ ಅವಳ ಕೆಲಸ. ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕಲ್ಲಕ್ಕ ಅಂತಲೇ ಕರೆಯುತ್ತಿದ್ದರು, ಅವಳಿಗೂ ಆ ಹೆಸರಿನ ಬಗ್ಗೆ ತಕರಾರಿರಲಿಲ್ಲ. ನೆಲಮಾಳಿಗೆಯ ಕೋಣೆಯಲ್ಲಿ ಆಳೆತ್ತರದ ಒಂದು ಯಂತ್ರ, ಅದರ ಹೊಟ್ಟೆಯಲ್ಲಿ ಮೂರು ಕಲ್ಲಿನ ತುಂಡುಗಳು. ಎಡಬಲದ ಎರಡು ಸೇರಿ ನಡುವಿನದನ್ನು ಅವಚಿಕೊಂಡಿರುತ್ತವೆ. ಸಂದಿಯಲ್ಲಿ ಕಲ್ಲಿನದೇ ನುಣ್ಣನೆ ಪುಡಿ. ಮೇಲಿನಿಂದ ಒಂದು ಉಕ್ಕಿನ ಕಂಬ ನಡುವಿನ ಕಲ್ಲನ್ನು ಕೆಳಕ್ಕೆ ತಳ್ಳುತ್ತದೆ, ಬಸವನಹುಳುವಿಗೂ ನಗು ಬರುವಷ್ಟು ಮೆಲ್ಲಗೆ. ಕಲ್ಲು ಮೊದಲು ಹಟ ಹಿಡಿಯುತ್ತದೆ. ಎಷ್ಟು ತಳ್ಳಿದರೂ ಜಗ್ಗುವುದಿಲ್ಲ. ಕೊನೆಗೆ ತಡೆಯಲಾರದೆ ಟಪ್ಪನೆ ಜಾರಿ, ಏನೂ ಆಗಿಲ್ಲವೆಂಬಂತೆ ಮತ್ತೆ ಕಚ್ಚಿಕೊಳ್ಳುತ್ತದೆ. ಭೂಮಿಯೊಳಗಿನ ಬಿರುಕುಗಳು ಮಾಡುವುದೂ ಇದನ್ನೇ. ಅಲ್ಲಿ ಊರು ನಡುಗುತ್ತದೆ, ಇಲ್ಲಿ ಮೇಜಿನ ಮೇಲಿನ ಪೆನ್ನು ನಡುಗುತ್ತದೆ, ಅಷ್ಟೇ ವ್ಯತ್ಯಾಸ.

ಆವತ್ತು ನಿರ್ದೇಶಕರು ನೋಡಲು ಬರುವವರಿದ್ದರು. ಮೇಲಿನ ಮಹಡಿಯ ಕಾಂಕ್ರೀಟ್ ತಂಡದವರು ಯಂತ್ರ ತಮಗೆ ಬೇಕೆಂದು ಕೇಳಿದ್ದರು. "ನಿಮ್ಮ ಕಲ್ಲು ಹಟ ಹಿಡಿದು ಜಾರೋದನ್ನ ಒಂದು ಸಲ ತೋರಿಸಿ, ಇನ್ನೊಂದು ವರ್ಷ ನಿಮಗೇ ಇರಲಿ. ಇಲ್ಲಾಂದ್ರೆ ಅವರಿಗೆ ಕೊಡ್ತೀನಿ," ಅಂದಿದ್ದರು ನಿರ್ದೇಶಕರು. ಕಲ್ಲಕ್ಕನಿಗೆ ಅದೇ ಚಿಂತೆ. ದೊಡ್ಡದಾಗಿ ಜಾರುವ ಮೊದಲು ಕಲ್ಲು ಒಳಗೊಳಗೇ ಕಿಟಿಕಿಟಿ ಅನ್ನುತ್ತದೆ. ಆ ಸದ್ದನ್ನು ಓದುವುದನ್ನು ಅವಳು ಈಗಷ್ಟೇ ಕಲಿತಿದ್ದಳು. ಈಗ ಯಂತ್ರ ಹೋಯಿತೆಂದರೆ, ಅಕ್ಷರ ಕಲಿತ ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಂಡಂತೆಯೇ.

ಯಂತ್ರ ನೋಡಿಕೊಳ್ಳುವ ತಂತ್ರಜ್ಞನಿಗೆ ಗ್ರೀಸಣ್ಣ ಅಂತ ಹೆಸರು. ಅವನ ಅಂಗಿಯನ್ನು ನೋಡಿದವರಿಗೆ ಕಾರಣ ಕೇಳುವ ಅಗತ್ಯ ಬೀಳುತ್ತಿರಲಿಲ್ಲ. ಹಿಂದಿನ ದಿನ ಅವನೇ ಒಂದು ಮಾತು ತೆಗೆದಿದ್ದ. ಕಲ್ಲುಗಳ ಸುತ್ತ ಒಂದು ಗಾಜಿನ ಪೆಟ್ಟಿಗೆ ಮುಚ್ಚಿರುತ್ತಿತ್ತು. ನೆಲಮಾಳಿಗೆಯ ತೇವಕ್ಕೆ ಅದರ ಒಳಗೆಲ್ಲ ಸದಾ ಮಂಜು.

"ಸಾಹೇಬರು ಬಂದು ಏನು ನೋಡಬೇಕು ಕಲ್ಲಕ್ಕ, ಮೋಡಾನಾ?"

ನಿಜವೆನ್ನಿಸಿತ್ತು ಅವಳಿಗೂ. ಇಬ್ಬರೂ ಸೇರಿ ಗಾಜನ್ನು ತಿಕ್ಕಿ ತೊಳೆದು, ಹೊಸ ಶೂ ಡಬ್ಬಿಯಲ್ಲಿ ಬರುತ್ತವಲ್ಲ, ತೇವ ಹೀರುವ ಆ ಕಾಳಿನ ಪೊಟ್ಟಣಗಳು, ಅವನ್ನು ಪೆಟ್ಟಿಗೆಯೊಳಗೆ ಸಾಲಾಗಿ ಇಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಗಾಜು ಕನ್ನಡಿಯಂತಾಗಿತ್ತು. ಗ್ರೀಸಣ್ಣ ಅದರಲ್ಲಿ ತಲೆ ಬಾಚಿಕೊಂಡ.

ಇದರ ನಡುವೆ ಕಲ್ಲಕ್ಕನ ಅತ್ತೆ ಬಂದರು. ಕಣ್ಣಿನ ಡಾಕ್ಟರ ಹತ್ತಿರ ತೋರಿಸಿಕೊಂಡು, ಕಣ್ಣಿಗೆ ಹನಿ ಹಾಕಿಸಿಕೊಂಡು, ಮಗನ ಕೈ ಹಿಡಿದು ಮೆಟ್ಟಿಲಿಳಿದು ಬಂದರು. ಮಗ ಬಸ್ ಓಡಿಸುವವನು. ಪಾಳಿಗೆ ಹೊತ್ತಾಯಿತೆಂದು ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಹೆಂಡತಿಗೆ "ಸಂಜೆ ಕರ್ಕೊಂಡು ಬಾ" ಅಂತ ಹೇಳಿ ಹೊರಟೇಬಿಟ್ಟ.

"ಎಲ್ಲಾ ಮಸುಕು ಮಸುಕು ಕಣೇ," ಅಂದರು ಅತ್ತೆ. "ಅಲ್ಲಿ ನಿಂತಿರೋದು ಯಾರು, ಬೀರುವೋ ಮನುಷ್ಯನೋ?"

"ನಾನು ಅಮ್ಮಾ, ಗ್ರೀಸಣ್ಣ."

"ಮಾತಾಡ್ತಿರು ಮಾರಾಯ. ಇಲ್ಲಾಂದ್ರೆ ನಿನ್ನ ಮೇಲೆ ಬಟ್ಟೆ ನೇತುಹಾಕಿಬಿಟ್ಟೇನು."

ಅಷ್ಟರಲ್ಲಿ ನಿರ್ದೇಶಕರೂ ಬಂದರು. ಎಲ್ಲಿ ಹೋದರೂ "ಐದೇ ನಿಮಿಷ" ಅನ್ನುತ್ತಲೇ ಒಳಗೆ ಬರುವ ಮನುಷ್ಯ. ಒಂದು ಕೈ ಯಾವಾಗಲೂ ಬಾಗಿಲ ಚಿಲಕದ ಮೇಲೆಯೇ. ಹೊಳೆಯುವ ಗಾಜು ನೋಡಿ ಅವರ ಮುಖ ಅರಳಿತು. "ಆಹಾ, ಎಷ್ಟು ಚೆನ್ನಾಗಿ ಕಾಣುತ್ತೆ."

ಕಲ್ಲಕ್ಕ ಗುಂಡಿ ಒತ್ತಿದಳು. ಕಂಬ ಇಳಿಯತೊಡಗಿತು. ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ನಡುವಿನ ಕಲ್ಲು ಹಟವನ್ನೂ ಮಾಡಲಿಲ್ಲ, ಟಪ್ಪನ್ನಲೂ ಇಲ್ಲ. ಹೇಳಿದ ಮಾತು ಕೇಳುವ ಮಗುವಿನ ಹಾಗೆ, ತಳ್ಳಿದಷ್ಟೂ ನುಣ್ಣಗೆ ಜಾರುತ್ತಾ ಹೋಯಿತು. ಪರದೆಯ ಮೇಲೆ ಗರಗಸದ ಹಲ್ಲಿನಂತೆ ಏರಿಳಿಯಬೇಕಾದ ಗೆರೆ ದಾರ ಎಳೆದಂತೆ ನೆಟ್ಟಗೆ ಬಂತು.

"ಇದು ಭೂಕಂಪಾನಾ?" ಅಂದರು ನಿರ್ದೇಶಕರು.

"ಅಲ್ಲ ಸರ್. ಇದು..." ಕಲ್ಲಕ್ಕ ಪರದೆಯ ಕಡೆ ಬಗ್ಗಿದಳು.

"ಕಲ್ಲು ತುಂಬಾ ಸಾಧು ಅನ್ಸುತ್ತೆ," ಅಂದರು ಅತ್ತೆ, ಕಂಬದ ಕಡೆಗಲ್ಲ, ಬೀರುವಿನ ಕಡೆ ಮುಖ ಮಾಡಿ.

ಕಲ್ಲಕ್ಕ ಕಂಬ ನಿಲ್ಲಿಸಿ, ಕಲ್ಲುಗಳನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು, ಮತ್ತೆ ತಳ್ಳಿದಳು. ಒಂದನ್ನೊಂದು ಒತ್ತಿಕೊಂಡು ನಿಂತ ಕಲ್ಲುಗಳು ನಿಂತಷ್ಟೂ ಬಿಗಿಯಾಗಬೇಕು. ಹಳೇ ಪರಿಚಯದವರ ಹಾಗೆ, ಕೂತಷ್ಟೂ ಏಳಲು ಮನಸ್ಸಾಗಬಾರದು. ಇವು ಏನೂ ಆಗದವರಂತೆ ಜಾರಿದವು. ಪುಡಿ ಬದಲಾಗಿಲ್ಲ, ಒತ್ತಡ ಬದಲಾಗಿಲ್ಲ. ಮತ್ತೇನು ಬದಲಾಯಿತು? ಅವಳು ತಲೆಯೆತ್ತಿ ಗಾಜನ್ನು ನೋಡಿದಳು. ಗಾಜಿನಲ್ಲಿ ಅವಳದೇ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

"ಅಯ್ಯೋ ರಾಮ," ಅಂದಳು ಮೆಲ್ಲಗೆ. ನಿನ್ನೆಯವರೆಗೂ ಗಾಜಿನ ಮೇಲೆ ಮಂಜಿತ್ತು. ಪುಡಿಯ ಕಣಕಣಕ್ಕೂ ಒಂದಿಷ್ಟು ತೇವ ಅಂಟಿರುತ್ತಿತ್ತು. ಕಣಗಳು ಒಂದಕ್ಕೊಂದು ಕಚ್ಚಿ ಗಟ್ಟಿಯಾಗುವುದೇ ಆ ತೇವದಿಂದ. ಬಂದವರಿಗೆ ಚೆನ್ನಾಗಿ ಕಾಣಲೆಂದು ಆ ತೇವವನ್ನೇ ಪೊಟ್ಟಣಕ್ಕೆ ಕುಡಿಸಿಬಿಟ್ಟಿದ್ದಳು. ಮೂಗಿಗಿಂತ ಮೂಗುತಿ ಭಾರವಾಗಿತ್ತು. ಒಣಗಿದ ಪುಡಿಗೆ ಹಟ ಅನ್ನುವುದೇ ಗೊತ್ತಿಲ್ಲ ಎಂದು ಬೇರೆಯವರಿಗೆ ಪಾಠ ಹೇಳುವವಳೂ ಅವಳೇ.

"ಸರ್, ತಪ್ಪು ನನ್ನದು. ಗಾಳಿ ಒಣಗಿಸಿಬಿಟ್ಟಿದ್ದೀನಿ. ಸರಿ ಮಾಡ್ತೀನಿ, ಆದರೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಇನ್ನೊಂದು ಮಾತು, ಆಮೇಲೆ ನಿಮಗೆ ಏನೂ ಕಾಣೋದಿಲ್ಲ."

"ಕಾಣದೇ ಇದ್ದರೆ ನಾನು ನೋಡೋದೇನನ್ನ?"

"ಕೇಳಬಹುದು ಸರ್."

ಗ್ರೀಸಣ್ಣ ಪೊಟ್ಟಣಗಳನ್ನು ತೆಗೆದು ಜೇಬಿಗೆ ತುರುಕಿದ. ಕಲ್ಲಕ್ಕ ಕೆಟಲಿನಿಂದ ಬಿಸಿನೀರು ಬಗ್ಗಿಸಿದ ಬಟ್ಟಲನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದಳು. ನೋಡುನೋಡುತ್ತಿದ್ದಂತೆ ಗಾಜು ಬೆಳ್ಳಗಾಯಿತು. ಕಲ್ಲೂ ಇಲ್ಲ, ಕಂಬವೂ ಇಲ್ಲ. ನಿರ್ದೇಶಕರು ಬಗ್ಗಿ ನೋಡಿದರು, ಕರವಸ್ತ್ರದಿಂದ ಹೊರಗೆ ಒರೆಸಿದರು, ಪ್ರಯೋಜನವಾಗಲಿಲ್ಲ. ಕೈ ಮತ್ತೆ ಬಾಗಿಲ ಚಿಲಕಕ್ಕೆ ಹೋಯಿತು.

"ನಿಮಗೂ ಏನೂ ಕಾಣ್ತಿಲ್ವಾ?" ಕೇಳಿದರು ಅತ್ತೆ.

"ಇಲ್ಲಮ್ಮ."

"ಹಾಗಾದ್ರೆ ಬನ್ನಿ, ಕೂತ್ಕೊಳ್ಳಿ. ಕಾಣದವರಿಗೆ ಕೂರೋದೇ ಕೆಲಸ."

ಆ ಮಾತಿಗೆ ನಿರ್ದೇಶಕರ ಕೈ ಚಿಲಕದಿಂದ ಜಾರಿತು. ಕೂತರು. ಅತ್ತೆ ತಮ್ಮ ಕಣ್ಣಿನ ಕಥೆ ತೆಗೆದರು, ಡಾಕ್ಟರು ಗೋಡೆಯ ಅಕ್ಷರ ಓದಿ ಅಂದದ್ದು, ಇವರು ಯಾವ ಗೋಡೆ ಅಂತ ಕೇಳಿದ್ದು. ನಿರ್ದೇಶಕರು ನಕ್ಕರು. ತಮ್ಮ ಅಕ್ಕನಿಗೂ ಹೀಗೇ ಆಗಿತ್ತೆಂದು ಅವರೂ ಒಂದು ಕಥೆ ಹೇಳಿದರು. ಅವರಿಗೂ ಅಕ್ಕ ಇದ್ದಾರೆಂದು ಗ್ರೀಸಣ್ಣನಿಗೆ ಗೊತ್ತಾದದ್ದು ಆವತ್ತೇ.

ಕಲ್ಲಕ್ಕನ ಕಿವಿ ಇದ್ಯಾವುದರ ಮೇಲೂ ಇರಲಿಲ್ಲ. ಕಂಬ ಮತ್ತೆ ಇಳಿಯತೊಡಗಿತ್ತು. ಗೆರೆ ಏರುತ್ತಿತ್ತು, ಇನ್ನೂ ಏರುತ್ತಿತ್ತು. ಹಟ ಬಂದಿದೆ, ಅಂದುಕೊಂಡಳು. ಕಲ್ಲಿಗೆ ಅಂಟಿಸಿದ್ದ, ಒಳಗಿನ ಸದ್ದು ಹಿಡಿಯುವ ಪುಟ್ಟ ಬಿಲ್ಲೆಯ ತಂತಿಯನ್ನು ಸ್ಪೀಕರಿಗೆ ಸಿಕ್ಕಿಸಿ ಸದ್ದು ಜಾಸ್ತಿ ಮಾಡಿದಳು.

ಮೊದಲು ಬರೀ ಮೌನ. ಆಮೇಲೆ ಒಂದು ಕಿಟಿ. ತಡೆದು ಇನ್ನೊಂದು.

"ಯಾರೋ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗಿದೆಯಲ್ಲೇ," ಅಂದರು ಅತ್ತೆ.

"ಮಾತಾಡಬೇಡಿ ಅತ್ತೆ, ಅದು ಕಲ್ಲು."

ಸಿಡಿತ ಒತ್ತೊತ್ತಾಗಿ ಬರತೊಡಗಿತು. ನಿರ್ದೇಶಕರು ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡರು. ಬಹಳ ದಿನದಿಂದ ಕೇಳಿ ಕೇಳಿ ಕಲ್ಲಕ್ಕನಿಗೆ ಆ ಭಾಷೆ ಈಗೀಗ ಅರ್ಥವಾಗತೊಡಗಿತ್ತು. ಅವಳು ಕೈಯೆತ್ತಿ, "ಈಗ ಬರುತ್ತೆ," ಅಂದಳು. ಆ ಮಾತು ಮುಗಿಯುವುದಕ್ಕೂ ಕಲ್ಲು ಜಾರುವುದಕ್ಕೂ ಸರಿಹೋಯಿತು. ಟಪ್ಪಂತ ಬಂದ ಏಟು ನೆಲದಿಂದ ಸ್ಟೂಲಿನ ಕಾಲಿಗೆ, ಅಲ್ಲಿಂದ ಕೂತವರ ಬೆನ್ನಿಗೆ ಹತ್ತಿತು.

ನಿರ್ದೇಶಕರು ಕಲ್ಲಕ್ಕನ ಕಡೆ ತಿರುಗಿದರು. "ಬರುತ್ತೆ ಅಂತ ನೀವು ಮೊದಲೇ ಹೇಳಿದ್ರಿ," ಅಂದರು.

"ಕಲ್ಲು ಹೇಳ್ತು ಸರ್, ನಾನು ದಾಟಿಸಿದೆ ಅಷ್ಟೆ. ಪ್ರತಿ ಸಲವೂ ಸರಿಹೋಗಲ್ಲ. ಯಾವಾಗ ಸರಿಹೋಗುತ್ತೆ, ಯಾವಾಗ ಇಲ್ಲ ಅಂತ ತಿಳಿಯೋಕೇ ಯಂತ್ರ ಬೇಕಿರೋದು."

"ಯಂತ್ರ ಎಲ್ಲೂ ಹೋಗಲ್ಲ. ಕಾಂಕ್ರೀಟಿನವರಿಗೆ ನಾನು ಬೇರೆ ದಾರಿ ನೋಡ್ತೀನಿ. ಆದರೆ ಮೊದಲು ಸಾಧುವಾಗಿ ಜಾರಿತಲ್ಲ, ಅದನ್ನೂ ವರದಿಯಲ್ಲಿ ಹಾಕಿ. ಬೇಕಂತಲೇ ಒಣಗಿಸಿ ಇನ್ನೊಂದು ಸಲ ಮಾಡಿ. ಕಲ್ಲು ಯಾವಾಗ ಹಟ ಬಿಡುತ್ತೆ ಅನ್ನೋದೂ ಗೊತ್ತಾಗಲಿ."

ಅದು ಅವಳಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಆಗಲೇ ಮನಸ್ಸು ಮುಂದಿನ ಪ್ರಯೋಗದ ಲೆಕ್ಕ ಹಾಕತೊಡಗಿತ್ತು. ಎಷ್ಟು ತೇವ, ಎಷ್ಟು ಹೊತ್ತು, ಯಾವ ಪುಡಿ. ನಗು ಮಾತ್ರ ಕಿವಿಯಿಂದ ಕಿವಿಗೆ ಹರಡಿತ್ತು.

ಸಂಜೆ ಗಂಡ ಡಿಪೋದಿಂದ ಫೋನ್ ಮಾಡಿದ. "ಅಮ್ಮನ ಕಣ್ಣು ಹೇಗಿದೆ? ಇನ್ನೂ ಹೊರಟಿಲ್ವಾ?"

"ಕಣ್ಣು ತಿಳಿಯಾಗಿದೆ ರೀ. ಬನ್ನಿ ಹೋಗೋಣ ಅಂದ್ರೆ ನಿಮ್ಮಮ್ಮ ಏಳ್ತಾ ಇಲ್ಲ. ಇನ್ನೊಂದು ಭೂಕಂಪ ಆಗಲಿ ಅಂತ ಕೂತಿದ್ದಾರೆ. ಪಕ್ಕದಲ್ಲಿ ನಿರ್ದೇಶಕರೂ ಇದ್ದಾರೆ."