ಬೇರೆಯವನ ಮುಖದ ಕಾರ್ಡು

ಮುಸುಕಿನ ಜೋಳ ಸೂಲಂಗಿ ಬಿಟ್ಟು ನಿಂತಾಗ ಅಯೋವಾದ ರೈತನಿಗೆ ಒಂದಿಷ್ಟು ಬಿಡುವು. ಆರ್ವಿಲ್ ಬ್ರಾಂಟ್ ಅಡುಗೆಮನೆಯ ಮೇಜಿನ ಮುಂದೆ ಕೂತು, ಆಟಗಾರನ ಚಿತ್ರ ಅಚ್ಚಾದ ಹಳೆಯ ಬೇಸ್‌ಬಾಲ್ ಕಾರ್ಡೊಂದರ ಮೇಲೆ ಮಕ್ಕಳ ಪೌಡರು ಉದುರಿಸಿ ಬೆರಳ ತುದಿಯಿಂದ ಹಗುರಾಗಿ ಉಜ್ಜುತ್ತಿದ್ದ. ನುಣುಪು ಹೋಗದಿದ್ದರೆ ಶಾಯಿ ನಿಲ್ಲದೆ ಜಾರುತ್ತದೆ, ಸಹಿ ಕೆಡುತ್ತದೆ.

“ನಮ್ಮ ಮಕ್ಕಳಿಗೆ ನೀನು ಒಂದಿನ ಪೌಡರ್ ಹಚ್ಲಿಲ್ಲ,” ಎಂದಳು ಹೆಂಡತಿ ಲವೋನ್.

“ಅವು ಹೀಗೆ ಸುಮ್ನೆ ಮಲಗಿರ್ತಿರ್ಲಿಲ್ವಲ್ಲ.”

ಕಾರ್ಡಿನ ಮೇಲೆ ಡೆಲ್ಮರ್ ಕ್ವಿನ್ ಎಂಬ ಹೆಸರು. ಹಿಂದೆ ಸಂಜೆ ಹಾಲು ಕರೆಯುವಾಗ ಕೊಟ್ಟಿಗೆಯ ರೇಡಿಯೋದಲ್ಲಿ ಅಪ್ಪನೂ ಆರ್ವಿಲ್ಲನೂ ಕೇಳುತ್ತಿದ್ದದ್ದು ಇವನ ಆಟವನ್ನೇ. ಕ್ವಿನ್ ನಿವೃತ್ತನಾದ ಮೇಲೂ ಆರ್ವಿಲ್ ಅವನ ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿ ಸಹಿ ಹಾಕಿಸಿಕೊಳ್ಳುತ್ತ ಬಂದ. ಎಲ್ಲವೂ ಸಹಿಯಾಗಿ ಬಂದವು. ಮೊಟ್ಟಮೊದಲ ವರ್ಷದ ಈ ಕಾರ್ಡು ಮಾತ್ರ ಕಳಿಸಿದಾಗಲೆಲ್ಲ ಬೋಳಾಗಿಯೇ ವಾಪಸಾಗುತ್ತಿತ್ತು. ಕಾರಣ ಆರ್ವಿಲ್ಲನಿಗೆ ಗೊತ್ತಿತ್ತು, ಅಂದರೆ ಗೊತ್ತಿದೆ ಎಂದುಕೊಂಡಿದ್ದ. ಕ್ವಿನ್ ಎಡಗೈಯಲ್ಲಿ ಚೆಂಡೆಸೆಯುವವನು, ಚೆಂಡು ಹಿಡಿಯುವ ಗ್ಲೌಸು ಅವನ ಬಲಗೈಯಲ್ಲಿರಬೇಕು. ಚಿತ್ರದಲ್ಲಿದ್ದವನು ಎಡಗೈಗೇ ಗ್ಲೌಸು ತೊಟ್ಟಿದ್ದ. ಅಚ್ಚು ಹಾಕಿದವರು ಬೇರೆ ಯಾರದೋ ಫೋಟೋ ಹಾಕಿಬಿಟ್ಟಿದ್ದರು.

ಆ ಶನಿವಾರ ಅಭಿಮಾನಿಗಳಿಗೆ ಸಹಿ ಹಾಕಿಕೊಡಲು ಪಕ್ಕದ ಊರಿನ ಮೈದಾನಕ್ಕೆ ಕ್ವಿನ್ ಬರುವವನಿದ್ದ. ಎದುರೆದುರು ಕೇಳಿದರೆ ಇಲ್ಲ ಎನ್ನಲಾರ ಎಂದು ಆರ್ವಿಲ್ ಲವೋನ್ ಜೊತೆ ಹೋಗಿ ಸಾಲಿನಲ್ಲಿ ನಿಂತ.

ಕಾರ್ಡು ನೋಡಿದವನೇ ಕ್ವಿನ್ ಪೆನ್ನಿನ ಮುಚ್ಚಳ ಹಾಕಿದ. “ಪದೇ ಪದೇ ಇದನ್ನ ಅಂಚೇಲಿ ಕಳಿಸ್ತಿದ್ದೋರು ನೀವೇನಾ?”

“ಹೂಂ, ನಾನೇ.”

“ಒಳ್ಳೇ ಹಟಮಾರಿ ಕಣ್ರೀ ನೀವು.”

“ಫೋಟೋ ತಪ್ಪು ಹಾಕಿದ್ರು ಅಂತ ಇನ್ನೂ ಸಿಟ್ಟಾ ನಿಮಗೆ?”

“ಸಿಟ್ಟು ಯಾಕ್ರೀ? ಇವನು ರಸ್ ಹಾಲ್ವರ್ಸನ್. ತರಬೇತಿ ಶಿಬಿರದಲ್ಲಿ ನನ್ನ ಪಕ್ಕದ ಮಂಚದೋನು. ಪಂದ್ಯಗಳು ಶುರುವಾಗೋ ಮುಂಚೇನೇ ಭುಜ ಹೋಯ್ತು, ಮನೆಗೆ ಹೋದ. ಅವನ ಮುಖ ಅಚ್ಚಾಗಿದ್ದು ಇದೊಂದರಲ್ಲೇ, ಅದರ ಮೇಲೂ ನನ್ನ ಹೆಸರು. ಇನ್ನು ಸಹೀನೂ ನಾನೇ ಗೀಚ್ಲಾ?”

ಆರ್ವಿಲ್ ಕಾರ್ಡನ್ನು ಕೈಗೆತ್ತಿಕೊಂಡು ನೋಡಿದ. ಇಷ್ಟು ವರ್ಷ ಆ ಮುಖವನ್ನು ನೋಡಿ ಇದು ಕ್ವಿನ್ ಅಲ್ಲ ಎಂದುಕೊಂಡಿದ್ದನೇ ಹೊರತು, ಮತ್ತೆ ಯಾರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

“ಇದಾರಾ ಅವರು?”

“ಇದಾನೆ. ಉತ್ತರಕ್ಕೆ, ನದಿ ದಂಡೇಲಿ, ಗಾಳಕ್ಕೆ ಹಾಕೋ ಎರೆಹುಳ ಮಾರ್ಕೊಂಡು.”

ಮರಳುವಾಗ, ಒಂದು ದಾರಿ ಮನೆಗೂ ಇನ್ನೊಂದು ಉತ್ತರಕ್ಕೂ ಹೋಗುವ ಕವಲಿನಲ್ಲಿ ಆರ್ವಿಲ್ ಟ್ರಕ್ಕು ನಿಲ್ಲಿಸಿದ. ಈ ಕಾರ್ಡಿನ ಮೇಲೆ ರಸ್‌ನ ಸಹಿ ಬಿದ್ದರೆ, ಎಲ್ಲ ಕಾರ್ಡುಗಳ ಮೇಲೂ ಕ್ವಿನ್ ಸಹಿಯಿರುವ ಪೂರ್ತಿ ಸಂಗ್ರಹ ಎಂದೆಂದಿಗೂ ಆಗುವುದಿಲ್ಲ.

“ಅದಕ್ಕೆ ಪೌಡರ್ ಹಚ್ಚಿ ರೆಡಿ ಮಾಡಿದೀಯ. ಮತ್ಯಾಕೆ ಬೋಳಾಗಿ ವಾಪಸ್ ತಗೊಂಡು ಹೋಗ್ತೀಯ?” ಎಂದಳು ಲವೋನ್.

ಟ್ರಕ್ಕು ಉತ್ತರಕ್ಕೆ ತಿರುಗಿತು.

ಅಂಗಡಿಯಲ್ಲಿ ಒದ್ದೆ ಮಣ್ಣಿನ ವಾಸನೆ. ಎತ್ತರದ ಮುದುಕನೊಬ್ಬ ಎರೆಹುಳದ ಡಬ್ಬಿಗಳಿಗೆ ಮಣ್ಣು ತುಂಬುತ್ತಿದ್ದ. ಆರ್ವಿಲ್ ಕಾರ್ಡು ಮುಂದಿಟ್ಟು, ಸಹಿ ಹಾಕಿ ಎಂದ.

“ನಂದಾ? ಬ್ಯಾಂಕಿನೋರು ಬಿಟ್ರೆ ನನ್ನ ಸಹಿ ಯಾರೂ ಕೇಳಿಲ್ವಲ್ರೀ!” ರಸ್ ನಕ್ಕ. ಆಮೇಲೆ ಕಾರ್ಡಿನ ಕಡೆ ಬಗ್ಗಿ ನೋಡಿದ, ನಗು ನಿಂತಿತು. ಕೈಯನ್ನು ಸೋಪು ಹಾಕಿ ತೊಳೆದು, ಒರೆಸಿ, ಮತ್ತೆ ತೊಳೆದ. ಕಾಗದದ ಚೀಲವೊಂದರ ಮೇಲೆ ತನ್ನ ಹೆಸರನ್ನು ಅಭ್ಯಾಸ ಮಾಡಿಕೊಂಡ. ಕೊನೆಗೆ, ಅಚ್ಚಾಗಿದ್ದ ಹೆಸರನ್ನು ಮುಟ್ಟದಂತೆ, ಚಿತ್ರದಲ್ಲಿದ್ದ ತನ್ನ ಎಳೆಯ ಎದೆಯ ಮೇಲೆ ಅಡ್ಡಕ್ಕೆ ಬರೆದ. ಶಾಯಿ ಜಾರದೆ ಕಚ್ಚಿಕೊಂಡಿತು.

“ಎಲ್ಲಿಡ್ತೀರಿ ಇದನ್ನ?”

“ಡೆಲ್ಮರ್ ಕಾರ್ಡುಗಳ ಜೊತೇಲೇ. ಆಲ್ಬಮ್ಮಿನ ಮೊದಲನೇ ಪುಟದಲ್ಲಿ ಜಾಗ ಬಿಟ್ಟಿದೀನಿ.”

ಆರ್ವಿಲ್ ಕಾರ್ಡಿಗೆ ಕೈ ಚಾಚಿದ. ರಸ್ ಅದನ್ನು ತನ್ನ ಕಡೆಗೇ ಸರಿಸಿಕೊಂಡ.

“ತಡೀರಿ, ಹಸಿ ಇದೆ. ಒಣಗೋ ತನಕ ಕೂತ್ಕೊಳಿ. ಕಾಫಿ ಇಡ್ತೀನಿ.”