ಗುರುತು ಸಿಗದ ತೇಪೆ

ಮಗಳ ಫೋನು ಬಂದಾಗ ನಾನು ಬಟ್ಟೆ ಹಿಂಡುತ್ತಿದ್ದೆ.

“ಅಮ್ಮ, ಗೋಡೆ ಕೆಲಸ ಕೆಡಿಸ್ಕೊಂಡೆ.”

“ಯಾಕೇ, ಬಿರುಕು ಬಿಡ್ತಾ?”

“ಇಲ್ಲ. ತುಂಬಾ ಚೆನ್ನಾಗಿ ಬಂದ್ಬಿಡ್ತು.”

ಇವಳು ಓದುತ್ತಿರುವುದು ಹಳೆಯ ಕಟ್ಟಡಗಳನ್ನು ಕಾಪಾಡುವುದನ್ನು ಕಲಿಸುವ ಕಾಲೇಜಿನಲ್ಲಿ. ಅಲ್ಲಿಗೆ ನಮ್ಮಂಥ ಮನೆಗಳ ಮಕ್ಕಳು ಬರುವುದೇ ಇಲ್ಲವೆಂದು ಅವರಿಗಾಗಿಯೇ ಒಂದು ಸ್ಕಾಲರ್‌ಶಿಪ್ ಇಟ್ಟಿದ್ದಾರೆ. ಈ ವರ್ಷ ಅದು ಸಿಕ್ಕಿದ್ದು ಇವಳೊಬ್ಬಳಿಗೆ. ಇವಳಪ್ಪ ತೀರಿಕೊಂಡ ಮೇಲೆ ಗಾರೆ ಕೆಲಸ ಮಾಡಿಯೇ ನಾನು ಇವಳನ್ನು ಸಾಕಿದ್ದು. ಕರಣೆ ಹಿಡಿಯುವುದನ್ನು ಕಲಿಸಿದ್ದೂ ನಾನೇ. ತೇಪೆ ಹಾಕಿದರೆ ಹಾಕಿದವಳಿಗೂ ಗುರುತು ಸಿಗಬಾರದು, ಅದೇ ನಮ್ಮ ಮರ್ಯಾದೆ.

ಅಲ್ಲಿಯ ನಿಯಮವೇ ಬೇರೆ. ಹಳೆಯ ಗಾರೆ ಯಾವುದು, ಹೊಸದು ಯಾವುದು ಎಂದು ನೋಡಿದವರಿಗೆ ತಿಳಿಯಬೇಕು. ಇಲ್ಲದಿದ್ದರೆ ಗೋಡೆಯ ಬಾಯಲ್ಲಿ ಸುಳ್ಳು ಹೇಳಿಸಿದಂತೆ. ಇವಳು ಅಲ್ಲಿಯ ಹಳೆಯ ಗೋಡೆಗೆ ಹಾಕಿದ ತೇಪೆ ನಾನು ಕಲಿಸಿದಂತೆಯೇ ಗುರುತು ಸಿಗದ ಹಾಗೆ ಕೂತಿತ್ತು.

“ನಾಳೆಯೊಳಗೆ ತೇಪೆ ಅಂಚು ಎಲ್ಲಿದೆ ಅಂತ ಗೆರೆ ಎಳೆದು ತೋರಿಸ್ಬೇಕಂತೆ. ಇಲ್ದಿದ್ರೆ ಫೇಲು, ಸ್ಕಾಲರ್‌ಶಿಪ್ಪೂ ಹೋಗುತ್ತೆ. ನಂಗೇ ಸಿಗ್ತಿಲ್ಲಮ್ಮ.”

“ಜೊತೆಯವರನ್ನ ಕೇಳು, ಯಾರಾದ್ರೂ ನೋಡಿರ್ತಾರೆ.”

“ಯಾರು ನೋಡ್ತಾರೆ? ನಾನಿರೋ ಗೋಡೆ ಕಡೆ ಯಾರೂ ಬರಲ್ಲ. ಊಟಕ್ಕೂ ಅಷ್ಟೆ.”

ಕೊನೆಯ ಮಾತು ಬಾಯಿ ಜಾರಿ ಬಂದದ್ದು. ಆರು ತಿಂಗಳಿಂದ ‘ಚೆನ್ನಾಗಿದ್ದೀನಿ’ ಎನ್ನುತ್ತಲೇ ಇದ್ದಳು. ನಾನೂ ಅವಳಿಗೆ ಅದನ್ನೇ ಹೇಳುತ್ತಿದ್ದೆ.

ಅಂಚು ಹುಡುಕುವ ಉಪಾಯ ನನಗೆ ಗೊತ್ತಿತ್ತು. ಆದರೆ ಗೊತ್ತಿಲ್ಲ ಎಂದುಬಿಟ್ಟರೆ ಮಗಳು ಮನೆಗೆ ಬರುತ್ತಾಳೆ. ಬೆಳಿಗ್ಗೆ ನಾನು ಬೈಯಲು, ಸಂಜೆ ನನ್ನನ್ನು ಬೈಯಲು ಮನೆಯಲ್ಲಿ ಒಬ್ಬಳು ಇದ್ದಂತಾಗುತ್ತದೆ. ಹಿಂಡಿದ ಟವೆಲನ್ನೇ ಮತ್ತೆ ಹಿಂಡಿದೆ.

“ಅಮ್ಮ, ಇದ್ದೀಯಾ?”

“ಇದ್ದೀನಿ ಕಣೇ. ಗೋಡೆ ಪೂರ್ತಿ ನೀರು ಚಿಮುಕಿಸು. ಆಮೇಲೆ ಸುಮ್ನೆ ಕೂತು ನೋಡು. ಹಳೇದು ಬೇಗ ಆರುತ್ತೆ, ಹೊಸ ಸುಣ್ಣ ಒದ್ದೆಯಾಗೇ ಇರುತ್ತೆ. ಅದರ ಸುತ್ತ ಗೆರೆ ಎಳಿ.”

ಅವಳು ಫೋನನ್ನು ಕಿಟಕಿಯ ಮೇಲಿಟ್ಟು ನೀರು ತರಲು ಹೋದಳು. ನಾನು ಬಟ್ಟೆ ಒಣಹಾಕಿ ಬಂದೆ, ಪಾತ್ರೆ ಬೆಳಗಿದೆ. ಫೋನನ್ನು ಅವಳೂ ಕಟ್ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ಅವಳ ಕಡೆಯಿಂದ ಒಮ್ಮೆ ಕೆಮ್ಮು ಕೇಳಿಸಿತು, ಅಷ್ಟೆ.

“ಕಾಣ್ತು! ಅಮ್ಮ, ಅಂಗೈಯಷ್ಟು ಒದ್ದೆ, ಕಾಣ್ತು!”

“ಮೊದ್ಲು ಗೆರೆ ಎಳಿ, ಆರಿಬಿಟ್ಟೀತು. ಆಮೇಲೆ ಕುಣಿ.”

ಮರುದಿನ ಅವಳ ಮೇಷ್ಟ್ರು ಗೆರೆಯನ್ನು ನೋಡಿ ಒಪ್ಪಿದರಂತೆ. ಸ್ಕಾಲರ್‌ಶಿಪ್ ಉಳಿಯಿತು. ರಜೆಗೆ ಬಾ ಎಂದೆ. ರಜೆಯಲ್ಲಿ ಉಳಿದ ಗೋಡೆಯ ಕೆಲಸವನ್ನೂ ಅವಳಿಗೇ ಒಪ್ಪಿಸಿದ್ದಾರಂತೆ.

“ಅಲ್ವೇ, ರಜೆಯಲ್ಲಿ ಹಾಸ್ಟೆಲ್ ಖಾಲಿ. ಯಾರ ಜೊತೆ ಊಟ ಮಾಡ್ತೀಯಾ?”

“ನೀನು ಯಾರ ಜೊತೆ ಮಾಡ್ತೀಯೋ ಅವರ ಜೊತೆನೇ.”

ನಾನು ನಗಲಿ ಎಂದು ಅವಳು ಕಾಯುತ್ತಿದ್ದಳು. ನಕ್ಕೆ.